ಎಂಟು ರಬ್ಬರ್ ಬಿಲ್ಲೆ

"ಕಣ್ಣು ಮುಚ್ಚಿ ಕೇಳಿ ಸರ್. ಕಣ್ಣು ಬಿಟ್ರೆ ಡಬ್ಬ ಕಾಣ್ತದೆ, ಮುಚ್ಚಿದ್ರೆ ಮನುಷ್ಯರು ಕಾಣ್ತಾರೆ," ಎಂದರು ದಾಮುದಿ ಸಾಹೇಬರು.

ಸುದರ್ಶನ ಕಣ್ಣು ಮುಚ್ಚಿದ. ಜಾಲಿ ಊರಿನ ಆ ಮನೆಯ ಪಡಸಾಲೆಯಲ್ಲಿ ಎರಡು ಸ್ಪೀಕರುಗಳು ಎರಡು ಮೂಲೆಗೆ ನಿಂತಿದ್ದವು. ಹಾಡುವ ಹೆಂಗಸು ಮಾತ್ರ ಎರಡರಲ್ಲೂ ಇರಲಿಲ್ಲ. ನಡುವೆ, ಟೀಪಾಯಿಯ ಆಚೆ, ಅವನಿಂದ ಒಂದು ಮಾರು ದೂರದಲ್ಲಿ ಕೂತಿದ್ದಳು. ಅವಳು ಉಸಿರು ಎಳೆದುಕೊಳ್ಳುವುದು ಕೇಳುತ್ತಿತ್ತು, ಪದದ ಕೊನೆಗೆ ತುಟಿ ಮುಚ್ಚುವುದೂ ಕೇಳುತ್ತಿತ್ತು. ಭಾಷೆ ಯಾವುದೆಂದು ತಿಳಿಯಲಿಲ್ಲ, ಅರಬಿಯೋ ಏನೋ. ಇಷ್ಟು ಸ್ಪಷ್ಟವಾಗಿ ಕರೆದರೆ ಯಾರಾದರೂ ತಿರುಗಿ ನೋಡಲೇಬೇಕು ಅನ್ನಿಸಿತು ಅವನಿಗೆ.

ದಾಮುದಿ ಸಾಹೇಬರು ಮೂವತ್ತು ವರ್ಷ ದುಬೈಯ ಆಡಿಯೋ ಅಂಗಡಿಯೊಂದರಲ್ಲಿದ್ದು ಬಂದವರು. ಬರುವಾಗ ತಂದಿಟ್ಟುಕೊಂಡದ್ದನ್ನು ಈಗ ಒಂದೊಂದಾಗಿ ಮಾರುತ್ತಿದ್ದರು. ಮಾರುವುದೆಂದರೆ ಹೆಣ್ಣು ಕೊಟ್ಟ ಹಾಗೆ. ಬಂದವರನ್ನು ಕೂರಿಸಿ, ಚಹಾ ಕೊಟ್ಟು, ಪರೀಕ್ಷೆ ಮಾಡುತ್ತಿದ್ದರು. ಎಷ್ಟು ವ್ಯಾಟು ಎಂದು ಕೇಳಿದವನಿಗೆ ಚಹಾ ಮಾತ್ರ, ಸಾಮಾನಿಲ್ಲ. ಸುದರ್ಶನ ಮೊದಲ ಸಲ ಬಂದಾಗಲೇ "ಇದರಲ್ಲಿ ಮಾತು ಹೇಗೆ ಕೇಳ್ತದೆ?" ಎಂದು ಕೇಳಿ ಪಾಸಾಗಿಬಿಟ್ಟಿದ್ದ. ಮೊದಲು ಆಂಪ್ಲಿಫೈಯರು ಒಯ್ದ. ಆಮೇಲೆ ಮೇಜಿನ ಮೇಲಿಡುವ ಸ್ಪೀಕರು. ಮೂರು ತಿಂಗಳಿಗೆ ಅವನ್ನು ಹಿಂದಕ್ಕೆ ಕೊಟ್ಟು ಸೊಂಟದೆತ್ತರದ ಜೋಡಿ ತೆಗೆದುಕೊಂಡು ಹೋದ. ಇವತ್ತು ಬಂದದ್ದು ನಾಲ್ಕನೇ ಸಲ.

"ಈಗ ಹೇಳಿ. ಮನೇಲಿ ಎಂತ ತೊಂದರೆ?"

"ಬೇಸ್ ಚೆನ್ನಾಗಿ ಬರ್ತದೆ. ಚಂಡೆ ಹಾಕಿದ್ರೆ ಎದೆಗೇ ಹೊಡೀತದೆ. ಮಾತು ಮಾತ್ರ ಬಿಡಿಸಿ ಕೇಳೂದಿಲ್ಲ. ಇಲ್ಲಿ ಕೇಳಿದ ಹಾಗೆ ಅಲ್ಲಿ ಕೇಳೂದೇ ಇಲ್ಲ."

"ನೆಲ ಎಂಥದ್ದು?"

"ನೆಲಾನಾ?"

"ಹೌದು ಸರ್, ನೆಲ. ಸ್ಪೀಕರ್ ಗಾಳೀಲಿ ನಿಲ್ತದಾ?"

"ಹಲಗೆ. ಮಾಳಿಗೆ ಮನೆ, ಬಾಡಿಗೆದು. ಹಳೇ ಕಾಲದ್ದು."

ಸಾಹೇಬರು ಹಣೆ ಬಡಿದುಕೊಂಡರು. "ಅಲ್ಲೇ ಆತು ನೋಡಿ! ಇಷ್ಟು ದಿನ ನೀವು ಕೇಳಿದ್ದು ನನ್ನ ಸ್ಪೀಕರಲ್ಲ, ನಿಮ್ಮ ನೆಲ. ಹಲಗೆ ಮೇಲೆ ಸ್ಪೀಕರ್ ಇಟ್ರೆ ಹಲಗೇನೂ ಕುಣೀತದೆ. ಅದರ ಗಲಾಟೇಲಿ ಪಾಪ, ಮಾತು ಮುಳುಗಿ ಹೋತದೆ."

ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಚೀಲ ತಂದರು. ಅದರಲ್ಲಿ ಎಂಟು ಕಪ್ಪು ರಬ್ಬರ್ ಬಿಲ್ಲೆಗಳಿದ್ದವು, ಒಂದೊಂದೂ ಇಡ್ಲಿಯಷ್ಟು ದಪ್ಪ, ಒತ್ತಿದರೆ ಒಳಗೆ ಹೋಗಿ ಮೆಲ್ಲಗೆ ಮೇಲೆ ಬರುವಂಥವು. "ಕೆಳಗೆ ಕಡಪ ಕಲ್ಲು ಹಾಕಿ. ಕಲ್ಲಿನ ಮೇಲೆ ನಾಲ್ಕು ಬಿಲ್ಲೆ, ಬಿಲ್ಲೆ ಮೇಲೆ ಸ್ಪೀಕರ್. ನೆಲ ಬಾಯಿ ಮುಚ್ಚಿಕೊಳ್ತದೆ. ಮಾತು ಎದುರಿಗೆ ಬಂದು ನಿಲ್ತದೆ. ಇದಕ್ಕೆ ದುಡ್ಡೆಂತಕ್ಕೆ, ಇಟ್ಟುಕೊಳ್ಳಿ. ನಿಮ್ಮಂಥ ಶೌಕಿನ ಮನುಷ್ಯ ಈ ಮೂರು ತಾಲೂಕಲ್ಲಿ ಇನ್ನೊಬ್ಬ ಇಲ್ಲ."

ಸುದರ್ಶನ ನಕ್ಕ. ಶೌಕು ಯಾರಿಗಿತ್ತು! ಇದೆಲ್ಲ ಯಾರಿಗಾಗಿ ಎಂದು ಸಾಹೇಬರಿಗೆ ಅವನು ಒಂದು ಸಲವೂ ಹೇಳಿರಲಿಲ್ಲ. ಹೇಳಿದರೆ ಆ ಮನುಷ್ಯ ಕನ್ನಡಕ ತೆಗೆದು ಮರುಕದಿಂದ ನೋಡುತ್ತಾರೆ, ಆ ನೋಟ ಅವನಿಗೆ ಬೇಡವಾಗಿತ್ತು.

ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಅವನ ಮಗಳು ಅರ್ಚಿತಾಗೆ ಮೂರು ವರ್ಷ ನಾಲ್ಕು ತಿಂಗಳು. ಒಂದು ಮಾತೂ ಬಂದಿರಲಿಲ್ಲ. ವರ್ಷ ತುಂಬಿದಾಗ, ಸುದರ್ಶನನೂ ತಡವಾಗಿಯೇ ಮಾತಾಡಿದ್ದು ಎಂದು ಮನೆಯವರೆಲ್ಲ ಹೇಳಿದರು. ಎರಡಾದಾಗ ಯಾರೂ ಏನೂ ಹೇಳಲಿಲ್ಲ, ಅದು ಇನ್ನೂ ಕಷ್ಟವಾಯಿತು. ಆ ಹೊತ್ತಿಗೆ ಗುಣವಂತೆ ಊರಿನ ನೆಂಟರ ಮನೆಯಲ್ಲಿ ಒಂದು ತಾಳಮದ್ದಳೆ. ಮಾಳಿಗೆಯ ಮೇಲೆ ಎಲ್ಲರೂ ಕೂತಿದ್ದಾರೆ, ಕೂಸು ಆಚೆ ಮುಖ ಮಾಡಿ ಆಡುತ್ತಿದೆ. ಚಂಡೆಯ ಮೊದಲ ಪೆಟ್ಟು ಬಿತ್ತು ನೋಡಿ, ಗಕ್ಕನೆ ತಿರುಗಿ ಕೇಕೆ ಹಾಕಿ ನಕ್ಕುಬಿಟ್ಟಿತು. ಸುದರ್ಶನನ ದೊಡ್ಡಪ್ಪ ಮಹಾಬಲ ಭಟ್ಟರು ಎಲೆಯಡಿಕೆ ಉಗುಳಿ ಬಂದು ತೀರ್ಪು ಕೊಟ್ಟರು: "ಚಂಡೆಗೆ ತಿರುಗ್ತು ಅಂದ್ರೆ ಕಿವಿ ಇದ್ದು. ಮತ್ತೆಂತ ಬೇಕು?" ಆ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಇಲ್ಲ. ಸುದರ್ಶನ ಆ ದಿನ ಮನೆಗೆ ಬಂದು ಹೊಟ್ಟೆ ತುಂಬ ಉಂಡ.

ಅಲ್ಲಿಂದ ಇದು ಶುರುವಾಯಿತು. ಟಿವಿಯ ಶಬ್ದಕ್ಕೆ ಮಗಳು ತಿರುಗುತ್ತಿರಲಿಲ್ಲ. ಟಿವಿಯ ಸ್ಪೀಕರು ಕಳಪೆ, ಅದಕ್ಕೆ. ಕುಮಟೆಯಿಂದ ತಂದ ಬ್ಲೂಟೂತ್ ಡಬ್ಬಿಗೂ ತಿರುಗಲಿಲ್ಲ. ಅದೊಂದು ಆಟದ ಸಾಮಾನು. ಸಾಹೇಬರ ಆಂಪ್ಲಿಫೈಯರೂ ಮೇಜಿನ ಸ್ಪೀಕರೂ ಬಂದ ಮೇಲೆ ಚಂಡೆಯ ರೆಕಾರ್ಡಿಂಗ್ ಹಾಕಿದರೆ ಒಂದೆರಡು ಸಲ ತಿರುಗಿತು. ಸೊಂಟದೆತ್ತರದ ಸ್ಪೀಕರು ಬಂದ ಮೇಲಂತೂ ಎಲ್ಲಿದ್ದರೂ ಓಡಿಬರುತ್ತಿತ್ತು. ಎಲ್ಲಿಂದ ತಿರುಗಿತೋ ಅಲ್ಲಿಗೆ ಅವನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕುತ್ತಿದ್ದ. ಮೊದಲ ಗೆರೆ ಸ್ಪೀಕರಿನಿಂದ ಎರಡು ಹೆಜ್ಜೆ. ಕೊನೆಯದು ಅಡಿಗೆಮನೆಯ ಹೊಸ್ತಿಲ ಹತ್ತಿರ. ಕುಮಟೆಯ ಕಾಲೇಜಿನಲ್ಲಿ ಲೈಬ್ರರಿಯನ್ ಆಗಿ ದಿನವಿಡೀ ಹುಡುಗರನ್ನು ಸುಮ್ಮನಿರಿಸುವ ಮನುಷ್ಯ ಮನೆಗೆ ಬಂದು ಈ ಗೆರೆಗಳ ಮೇಲೆ ಕುಕ್ಕರುಗಾಲಲ್ಲಿ ಕೂತು ಗದ್ದಲ ಎಬ್ಬಿಸುತ್ತಿದ್ದ. ಒಳ್ಳೆಯ ಶಬ್ದ ಕೊಟ್ಟಷ್ಟೂ ಕಿವಿ ತೆರೆಯುತ್ತದೆ ಎಂದು ನಂಬಿದ್ದ. ನಂಬದೆ ಅವನಿಗೆ ಬೇರೆ ದಾರಿಯಿರಲಿಲ್ಲ.

ಹೆಂಡತಿ ಶಾಂಭವಿ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ಗೆರೆಗಳಿಗೆಲ್ಲ ಮರುಳಾಗುವವಳಲ್ಲ. ಕುಮಟೆಗೆ ಗುರುವಾರ ಬರುವ ಕಿವಿ ಡಾಕ್ಟರನ್ನು ಒಬ್ಬಳೇ ಹೋಗಿ ಕಂಡುಬಂದಿದ್ದಳು. ಮಗುವನ್ನು ಮಲಗಿಸಿ ತಲೆಗೆ ವಯರು ಅಂಟಿಸಿ ಮಾಡುವ ಪರೀಕ್ಷೆಯೊಂದಿದೆ, ಮಗು ಏನೂ ಹೇಳಬೇಕಾಗಿಲ್ಲ, ಕೇಳುತ್ತದೋ ಇಲ್ಲವೋ ಯಂತ್ರವೇ ಹೇಳುತ್ತದೆ. ಕಿವುಡೇ ಆಗಿದ್ದರೆ ಆಪರೇಷನ್ ಮಾಡಿ ಒಳಗೆ ಯಂತ್ರ ಇಡಬಹುದು, ಆದರೆ ತಡ ಮಾಡಿದಷ್ಟೂ ಮಾತು ಬರುವುದು ಕಷ್ಟ, ಈಗಲೇ ತಡವಾಗಿದೆ, ನಾಲ್ಕು ದಾಟಿಸಬೇಡಿ ಎಂದಿದ್ದರು ಡಾಕ್ಟರು. ಅದಾಗಿ ಮೂರು ಗುರುವಾರ ಹೋಗಿದ್ದವು. ಒಂದು ವಾರ ಲೈಬ್ರರಿಯಲ್ಲಿ ಪುಸ್ತಕ ಎಣಿಕೆ, ಒಂದು ವಾರ ಕೂಸಿಗೆ ಶೀತ, ಮತ್ತೊಂದು ವಾರಕ್ಕೆ ಅವನಿಗೆ ಕಾರಣವೂ ಸಿಕ್ಕಿರಲಿಲ್ಲ. ಸುಮ್ಮನೆ ಬೆಳಿಗ್ಗೆ ಏಳಕ್ಕೇ ಬಸ್ಸು ಹತ್ತಿ ಹೋಗಿಬಿಟ್ಟಿದ್ದ. ಅವನಿಗೆ ಆ ಯಂತ್ರದ ಹೆದರಿಕೆ. ಅದು ಒಂದು ಸಲ ಹೇಳಿದರೆ ಮುಗಿಯಿತು, ಮತ್ತೆ ಯಾವ ಅಂಗಡಿಗೂ ಹೋಗಿ ಬದಲಾಯಿಸಿಕೊಂಡು ಬರುವ ಹಾಗಿಲ್ಲ.

ಶರಾವತಿ ಸೇತುವೆ ದಾಟಿ ಹೊನ್ನಾವರದಲ್ಲಿಳಿದು, ಬಂದರು ರಸ್ತೆಯ ಮನೆಯ ಮರದ ಮೆಟ್ಟಿಲು ಹತ್ತುವಾಗಲೇ ಶಾಂಭವಿ ಮೇಲಿನಿಂದ ಚೀಲ ನೋಡಿದಳು.

"ಮತ್ತೆ ಎಂತ ತಂದ್ರಿ?"

"ರಬ್ಬರು. ಬರೀ ರಬ್ಬರು. ದುಡ್ಡು ಕೊಟ್ಟಿದ್ನಿಲ್ಲೆ."

"ಆನು ದುಡ್ಡು ಕೇಳಿದ್ನಿಲ್ಲೆ. ಗುರುವಾರ ಬತ್ರಾ ಇಲ್ಯಾ?"

"ಇದೊಂದು ನೋಡ್ವ ಶಾಂಭವೀ. ಕೂಸಿಗೆ ಚಂಡೆ ಕೇಳ್ತು, ಮಾತು ಕೇಳ್ತಿಲ್ಲೆ. ಅಂದ್ರೆ ಕಿವಿ ಇದ್ದು. ಮಾತು ಸಮಾ ಬತ್ತಾ ಇಲ್ಲೆ, ಅಷ್ಟೇಯ. ನಮ್ಮನೆ ನೆಲ ಸರಿ ಇಲ್ಲೆ, ಅದು ಕುಣಿದು ಎಲ್ಲಾ ಹಾಳು ಮಾಡ್ತು."

"ನೆಲ ಸರಿ ಇಲ್ಯಾ!" ಶಾಂಭವಿ ಸೌಟು ಹಿಡಿದುಕೊಂಡೇ ನಿಂತಳು. "ಟಿವಿ ಸರಿ ಇಲ್ಲೆ, ಡಬ್ಬಿ ಸರಿ ಇಲ್ಲೆ, ಸ್ಪೀಕರ್ ಸರಿ ಇಲ್ಲೆ, ಈಗ ನೆಲ. ಕೂಸಿನ ಆನು ಎತ್ಕಂಡಾಗ ಚಂಡೆಗೂ ತಿರುಗ್ತಿಲ್ಲೆ. ಮೂರು ಸಲ ನೋಡಿದ್ದೆ. ನಿಂಗಕ್ಕೆ ಹೇಳಿದ್ದೆ, ಕೇಳಿದ್ರಿಲ್ಲೆ."

"ಎತ್ಕಂಡಾಗ ಅದಕ್ಕೆ ಅಮ್ಮನ ಮೇಲೇ ಲಕ್ಷ್ಯ."

ಅರ್ಚಿತಾ ಬಾಗಿಲ ಬಳಿ ಬಾಟಲಿ ಮುಚ್ಚಳಗಳನ್ನು ಒಂದರ ಮೇಲೊಂದು ಪೇರಿಸುತ್ತ ಕೂತಿದ್ದಳು. ಅಪ್ಪ ಬಂದದ್ದು ಅವಳಿಗೆ ಗೊತ್ತಾಗಿದ್ದು ಅವನ ಕಾಲು ಅವಳ ಮುಚ್ಚಳಗಳ ಪಕ್ಕಕ್ಕೆ ಬಂದಾಗ. ಮುಖವಿಡೀ ನಕ್ಕು ಎರಡೂ ಕೈ ಎತ್ತಿದಳು. ಸುದರ್ಶನ ಎತ್ತಿಕೊಂಡು ಅವಳ ಕುತ್ತಿಗೆಯಲ್ಲಿ ಮುಖ ಹುದುಗಿಸಿದ. ಶಾಂಭವಿ ಅದನ್ನು ನೋಡಲಾರದೆ ಬೇರೆ ಕಡೆ ತಿರುಗಿದಳು. ಅವಳಿಗೆ ಗಂಡನ ಮೇಲೆ ಸಿಟ್ಟಿತ್ತು, ಸಿಟ್ಟಿಗಿಂತ ಹೆಚ್ಚಾಗಿ ಅಯ್ಯೋ ಅನ್ನಿಸುತ್ತಿತ್ತು.

"ಆತು," ಎಂದಳು ಕೊನೆಗೆ. "ಭಾನುವಾರ ಹಾಕಿ. ಮಾತಿಗೆ ಒಂದೇ ಒಂದು ಸಲ ತಿರುಗ್ಲಿ, ಆನು ಮತ್ತೆ ಕುಮಟೆ ಹೆಸರು ಎತ್ತತಿಲ್ಲೆ. ತಿರುಗಿದ್ದಿಲ್ಲೆ ಅಂದ್ರೆ ಗುರುವಾರ ನಿಂಗಳೇ ಕೂಸಿನ ಎತ್ಕಂಡು ಬರವು. ನೆಪ ಹೇಳಲಿಲ್ಲೆ."

"ಆತು."

"ಕೂಸಿನ ಮೇಲೆ ಕೈಯಿಟ್ಟು ಹೇಳಿ."

ಅವನು ಎತ್ತಿಕೊಂಡಿದ್ದ ಮಗಳ ಬೆನ್ನ ಮೇಲೆ ಕೈಯಿಟ್ಟು ಇನ್ನೊಮ್ಮೆ ಹೇಳಿದ.

ಮಾತು ಅಂದರೆ ಅಮ್ಮನ ಮಾತೇ ಆಗಬೇಕೆಂದು ಶನಿವಾರ ಸಂಜೆ ಶಾಂಭವಿಯನ್ನು ಗೋಡೆಯ ಮೂಲೆಗೆ ನಿಲ್ಲಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿದ. ಅವಳು ಮೊದಲ ಸಲ ಹಾಜರಿ ಕರೆದ ಹಾಗೆ ಕರೆದಳು. ಎರಡನೇ ಸಲ ನಗು ಬಂತು. "ಕೂಸು ಬೀದಿಗೆ ಇಳಿತಾ ಇದ್ದು ಅಂದ್ಕ, ಹಾಂಗೆ ಕರೆ," ಎಂದ ಅವನು. ಮೂರನೇ ಸಲ ಅವಳು ಕಣ್ಣು ಮುಚ್ಚಿ ಕರೆದಳು. "ಅರ್ಚೀ! ಇಲ್ಲಿ ಬಾರೇ ಕೂಸೇ!" ಕೊನೆಯ ಪದಕ್ಕೆ ಬರುವಾಗ ದನಿ ಒಡೆಯಿತು. ಸುದರ್ಶನ ಅದನ್ನೇ ಇಟ್ಟುಕೊಂಡ.

ಭಾನುವಾರ ಬೆಳಿಗ್ಗೆ ಎರಡು ಕಡಪ ಕಲ್ಲನ್ನು ರಿಕ್ಷಾದಲ್ಲಿ ತಂದು ಒಬ್ಬನೇ ಮೇಲೆ ಸಾಗಿಸಿದ. ಕೆಳಗಿನ ಮನೆಯ ಒಡತಿ ದೇವಿಯಮ್ಮ ಮೀನು ತೊಳೆಯುತ್ತ ಕೂತವಳು ಬಾಯಿಗೆ ಸೆರಗು ಹಿಡಿದಳು. "ಎಂತ ಮಾಸ್ತರೇ, ಮೇಲೆ ಒಲೆಕಟ್ಟೆ ಕಟ್ತ್ರಾ? ನನ್ನ ಮಾಳಿಗೆ ಮುರಿದು ಬಿದ್ರೆ ನಿಮ್ಮ ಹೆಂಡ್ತಿ ನನ್ನ ಸಾರಿನ ಪಾತ್ರೆಗೇ ಬೀಳೂದು!" ಸುದರ್ಶನನಿಗೆ ನಗಲು ಉಸಿರಿರಲಿಲ್ಲ.

ಕಲ್ಲು, ಕಲ್ಲಿನ ಮೇಲೆ ಬಿಲ್ಲೆ, ಬಿಲ್ಲೆಯ ಮೇಲೆ ಸ್ಪೀಕರು. ಅಲುಗದ ಹಾಗೆ ಸರಿ ಮಾಡಿ, ವಯರು ಸಿಕ್ಕಿಸಿ, ಮೊದಲು ತಾನೇ ಕೂತು ಒಂದು ಭಜನೆ ಹಾಕಿಕೊಂಡ. ಅವನ ಮೈ ಜುಮ್ಮೆಂದಿತು. ಸಾಹೇಬರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಇಷ್ಟು ದಿನ ಕಂಬಳಿ ಹೊದ್ದು ಹಾಡುತ್ತಿದ್ದವನು ಕಂಬಳಿ ತೆಗೆದು ಎದುರಿಗೆ ಬಂದು ಕೂತ ಹಾಗಾಯಿತು. ಒಂದೊಂದು ಅಕ್ಷರವೂ ಬಿಡಿಬಿಡಿ. ಅವನು ಗೋಡೆಗೊರಗಿ ಕಣ್ಣೊರೆಸಿಕೊಂಡ. "ಶಾಂಭವೀ, ಕೇಳೇ! ಹ್ಯಾಂಗಿದ್ದು ಕೇಳೇ!" ಎಂದು ಕೂಗಿದ. ಅವಳು ಬಂದು ಕೇಳಿದಳು. ಚೆನ್ನಾಗಿದೆ ಎಂದು ಒಪ್ಪಿಕೊಂಡಳು. ಒಂದು ಗಳಿಗೆ ಅವಳಿಗೂ ಆಸೆ ಹುಟ್ಟಿತು. ಹುಟ್ಟಿದ್ದಕ್ಕೆ ತನ್ನ ಮೇಲೇ ಕೋಪ ಬಂತು.

ಅರ್ಚಿತಾಳನ್ನು ಸ್ಪೀಕರಿಗೆ ಬೆನ್ನು ಮಾಡಿ ಕೂರಿಸಿ ಮುಂದೆ ಮುಚ್ಚಳಗಳನ್ನು ಸುರಿದರು. ಅಡಿಗೆಮನೆಯ ಗೆರೆಯಷ್ಟು ದೂರ ಬೇಡವೆಂದು ಸುದರ್ಶನ ನಡುವಿನ ಗೆರೆ ಆರಿಸಿದ. ಬೋಣಿಗೆಗೆ ಚಂಡೆಯೇ ಇರಲಿ, ಅದು ಯಾವತ್ತೂ ತಪ್ಪಿಲ್ಲ, ಒಂದು ಸಲ ತಿರುಗಿ ನಕ್ಕರೆ ಕೂಸಿಗೂ ಹುರುಪು ಬರುತ್ತದೆ ಎಂದುಕೊಂಡು ದಿನ ಹಾಕುವಷ್ಟೇ ಜೋರಿಗೆ ಇಟ್ಟು ಗುಂಡಿ ಒತ್ತಿದ.

ಚಂಡೆ ಮೊಳಗಿತು. ಇಷ್ಟು ಚಂದದ ಚಂಡೆ ಆ ಮನೆಯಲ್ಲಿ ಯಾವತ್ತೂ ಕೇಳಿರಲಿಲ್ಲ. ಕೋಲು ಚರ್ಮಕ್ಕೆ ತಗಲುವುದು, ಅದರ ಹಿಂದೆಯೇ ಪೆಟ್ಟು ಒಡೆಯುವುದು, ಎರಡೂ ಬೇರೆ ಬೇರೆಯಾಗಿ ಕೇಳಿಸಿತು. ಅರ್ಚಿತಾ ಕೆಂಪು ಮುಚ್ಚಳದ ಮೇಲೆ ನೀಲಿ ಮುಚ್ಚಳ ಇಟ್ಟಳು. ಅದರ ಮೇಲೆ ಇನ್ನೊಂದು ಇಟ್ಟಳು.

"ಮುಚ್ಚಳದ ಮೇಲೆ ಲಕ್ಷ್ಯ ಇದ್ದು," ಎಂದ ಸುದರ್ಶನ. ಮುಚ್ಚಳಗಳನ್ನು ಸರಿಸಿದ. ಮಗಳು ಅಪ್ಪನನ್ನು ನೋಡಿ ನಕ್ಕು ಮತ್ತೆ ಅವನ್ನು ಎಳೆದುಕೊಂಡಳು. ಅವನು ಅವಳನ್ನು ಎತ್ತಿ ಮುಂದಿನ ಗೆರೆಗೆ ಕೂರಿಸಿದ. ಆಮೇಲೆ ಎಲ್ಲಕ್ಕಿಂತ ಮೊದಲಿನ ಗೆರೆಗೆ. ಅಲ್ಲಿ ಸ್ಪೀಕರಿಗೂ ಅವಳ ಬೆನ್ನಿಗೂ ಎರಡೇ ಹೆಜ್ಜೆ. ಚಂಡೆ ಏರುಪದಕ್ಕೆ ಬಂದು ಉರುಳಿತು. ಅರ್ಚಿತಾ ಮೂಗಿನ ಮೇಲೆ ಕೂತ ನೊಣ ಓಡಿಸಿಕೊಂಡಳು.

ಸುದರ್ಶನ ಬಗ್ಗಿ ಅವಳ ಪಕ್ಕದ ಹಲಗೆಯ ಮೇಲೆ ಅಂಗೈ ಇಟ್ಟ. ಯಾಕಿಟ್ಟನೋ ಅವನಿಗೇ ತಿಳಿಯದು. ಹಲಗೆ ತಣ್ಣಗೆ ಸುಮ್ಮನಿತ್ತು. ಅಂಗೈ ತೆಗೆಯಲಿಲ್ಲ, ಇನ್ನೊಂದು ಕೈಯನ್ನೂ ಇಟ್ಟ. ನೀವು ಕೇಳಿದ್ದು ಸ್ಪೀಕರಲ್ಲ, ನೆಲ ಎಂದು ಜಾಲಿಯಲ್ಲಿ ಸಾಹೇಬರು ಹೇಳಿದ ಮಾತು ಈಗ ಅವನಿಗೆ ಇನ್ನೊಂದು ರೀತಿಯಲ್ಲಿ ಅರ್ಥವಾಯಿತು. ಕೂಸು ಇಷ್ಟು ದಿನ ತಿರುಗಿದ್ದೂ ಕುಣಿಯುವ ಹಲಗೆಗೇ. ಶಾಂಭವಿ ಅವನ ಎರಡು ಕೈಗಳನ್ನೂ ನೋಡಿದಳು. ಗಣಿತದವಳು, ಹೇಳಬೇಕಾಗಿರಲಿಲ್ಲ.

"ಸಾಕು, ಆರಿಸಿ," ಎಂದಳು ಮೆತ್ತಗೆ.

"ಮಾತು ಹಾಕಿದ್ನಿಲ್ಲೆ ಇನ್ನೂ."

"ಸಾಕೂ ಹೇಳಿದ್ದೆ."

"ಮಾತು ಹಾಕಿದ್ನಿಲ್ಲೆ! ನೀನು ಹೇಳಿದ್ದು ಮಾತಿಗೆ ತಿರುಗವು ಹೇಳಿ, ಚಂಡೆಗಲ್ಲ!"

ಅವನು ಫೋನಿನಲ್ಲಿ ಶಾಂಭವಿಯ ದನಿ ಹುಡುಕಿ, ಮುಗಿದ ಕೂಡಲೇ ಮತ್ತೆ ಶುರುವಾಗುವ ಹಾಗಿಟ್ಟು, ಆಂಪ್ಲಿಫೈಯರಿನ ತಿರುಗಣೆಯನ್ನು ಅದು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ತಿರುಗಿಸಿದ.

"ಅರ್ಚೀ! ಇಲ್ಲಿ ಬಾರೇ ಕೂಸೇ!"

ಮಾಡಿನ ಹಂಚಿನ ಮೇಲಿದ್ದ ಕಾಗೆಗಳು ಹಾರಿಹೋದವು. "ಅರ್ಚೀ! ಇಲ್ಲಿ ಬಾರೇ ಕೂಸೇ!" ಆ ದನಿ ಕಿಟಕಿಯಿಂದ ಹೊರಗೆ ಹೋಯಿತು, ಬಂದರು ರಸ್ತೆಗಿಳಿಯಿತು, ಆ ಬದಿಯ ಅಂಗಡಿಸಾಲಿಗೂ ಹೋಯಿತು. ಒಡೆದ ಗಂಟಲಿನಲ್ಲಿ ತಾಯಿಯೊಬ್ಬಳು ಮತ್ತೆ ಮತ್ತೆ ಕರೆಯುತ್ತಿದ್ದಳು. ಬುಟ್ಟಿ ಹೊತ್ತು ಹೋಗುತ್ತಿದ್ದ ಹೆಂಗಸು ನಿಂತಳು. ರಿಕ್ಷಾದವನು ಎಂಜಿನ್ ಆರಿಸಿದ. "ಯಾರ ಮಗು? ಹೊಳೆ ಬದಿಗೆ ಹೋತಾ ನೋಡಿ ಮಾರಾಯ್ರೆ!" ಎಂದು ಯಾರೋ ಕೂಗಿದರು. ಇಬ್ಬರು ದೋಣಿ ನಿಲ್ಲುವ ಧಕ್ಕೆಯ ಕಡೆಗೆ ಓಡಿಯೇ ಬಿಟ್ಟರು. ಮೆಟ್ಟಿಲ ಮೇಲೆ ದಡದಡ ಸದ್ದು ಮಾಡುತ್ತ ದೇವಿಯಮ್ಮ ಮೀನಿನ ಕೈಯಲ್ಲೇ ಹತ್ತಿ ಬಂದಳು.

"ಎಂತ ಆತೇ ಶಾಂಭವೀ? ಕೂಸು ಎಲ್ಲಿ ಬಿತ್ತು?"

ಶಾಂಭವಿ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿ ನಿಂತಿದ್ದಳು. ಅವಳ ದನಿ ಮಾತ್ರ ಕೋಣೆ ತುಂಬ ಬೊಬ್ಬೆ ಹೊಡೆಯುತ್ತಿತ್ತು. ದೇವಿಯಮ್ಮ ಅವಳನ್ನು ನೋಡಿದಳು, ಸ್ಪೀಕರು ನೋಡಿದಳು, ಅದರ ಎದುರಿಗೆ ಬೆನ್ನು ಹಾಕಿ ಕೂತು ಮುಚ್ಚಳ ಪೇರಿಸುತ್ತಿದ್ದ ಮಗುವನ್ನು ನೋಡಿದಳು. ಮೀನಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಮಗು ಸಿಕ್ತಾ?" ಎಂದು ಕೆಳಗಿನಿಂದ ಕೇಳಿದರು.



ಬಾಗಿಲಲ್ಲಿ ನೆರಳು ಬಿದ್ದದ್ದು ಕಂಡು ಅರ್ಚಿತಾ ತಲೆಯೆತ್ತಿದಳು. ದೇವಿಯಮ್ಮನಿಗೆ ಒಂದು ನಗು ಕೊಟ್ಟಳು. ಆಮೇಲೆ ಅಪ್ಪ ಆಂಪ್ಲಿಫೈಯರಿನ ಮುಂದೆ ಮೊಣಕಾಲೂರಿ ಕೂತದ್ದು ಕಣ್ಣಿಗೆ ಬಿತ್ತು. ಅವಳ ಮುಖ ಅರಳಿತು. ಅಪ್ಪ ಅಲ್ಲಿ ಕೂತರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಎದ್ದು ಓಡಿಬಂದು ಅವನ ಪಕ್ಕದಲ್ಲಿ ಕೂತು ಕಾದಳು. ಸ್ವಲ್ಪ ಹೊತ್ತು ಕಾದಳು. ಅವಳ ತಲೆಯ ಮೇಲಿಂದ ಅಮ್ಮ ಕರೆಯುತ್ತಲೇ ಇದ್ದಳು. ಇನ್ನೂ ಏನೂ ಆಗದ್ದು ಕಂಡು ಅರ್ಚಿತಾ ಅಪ್ಪನ ತೋರುಬೆರಳನ್ನು ತನ್ನ ಮುಷ್ಟಿಯಲ್ಲಿ ಹಿಡಿದು ಯಂತ್ರದ ಗುಂಡಿಯ ಕಡೆಗೆ ಎಳೆದಳು. ಹಾಕು ಎಂದು ಅವನ ಮುಖ ನೋಡಿದಳು.

"ಹಾಕಿದ್ದೆ ಕೂಸೇ," ಎಂದ ಸುದರ್ಶನ. ಆ ಗದ್ದಲದಲ್ಲಿ ಅವನ ಮಾತು ಅವನಿಗೇ ಕೇಳಲಿಲ್ಲ. "ಹಾಕಿದ್ದೆ. ಹಾಕೇ ಇದ್ದು."

ಅವಳು ಇನ್ನೂ ಜೋರಾಗಿ ಎಳೆದಳು. ಅವನು ಬೆರಳನ್ನು ಅವಳಿಗೇ ಬಿಟ್ಟುಕೊಟ್ಟ. ಅವಳು ಅದನ್ನು ಗುಂಡಿಯ ಮೇಲಿಟ್ಟು ಒತ್ತಿದಳು. ಶಾಂಭವಿಯ ದನಿ ಅರ್ಧಕ್ಕೇ ನಿಂತಿತು. ಬೀದಿಯಲ್ಲಿ ಗುಜುಗುಜು ಮಾತ್ರ ಉಳಿಯಿತು. ದೇವಿಯಮ್ಮ ತಡೆಹಿಡಿದ ಉಸಿರು ಬಿಟ್ಟು, ಕೆಳಗಿನವರಿಗೆ ಸಮಾಧಾನ ಹೇಳಲು ಸದ್ದಿಲ್ಲದೆ ಮೆಟ್ಟಿಲಿಳಿದಳು.

"ಶಾಂಭವೀ, ಗುರುವಾರ ಎಷ್ಟು ಹೊತ್ತಿಗೆ?" ಎಂದು ಸುದರ್ಶನ ತಲೆಯೆತ್ತದೆ ಕೇಳಿದ.

"ಹತ್ತೂವರೆಗೆ."

ಅರ್ಚಿತಾ ಸ್ಪೀಕರನ್ನು ನೋಡಿದಳು, ಅಪ್ಪನನ್ನು ನೋಡಿದಳು. ಬೆರಳು ಬಿಡದೆ ಮತ್ತೆ ಗುಂಡಿಯ ಕಡೆಗೆ ಎಳೆದಳು.